ನಮ್ಮ ರೈತ ಕಂಪನಿ: ಎರಡು ಮುಂಗಾರು ನೋಡಿದ ಮೇಲೆ ಬರೆಯುತ್ತಿದ್ದೇನೆ

ಕಂಪನಿಗೆ ತರಕಾರಿ ಹಾಕಿದ ಮೊದಲ ದಿನ ನಾನು ಮನೆಯಲ್ಲೇ ಒಂದು ಸಲ ತೂಗಿಕೊಂಡು ಹೋಗಿದ್ದೆ. ಮೂರು ಚೀಲ ಬೀನ್ಸ್, 61 ಕೆಜಿ ಚಿಲ್ಲರೆ ಇತ್ತು. ಎಲ್ಲಿಗೆ ಹೋದರೂ ಮೂಟೆಗೆ ಎರಡು ಕೆಜಿ ಹೋಗೇ ಹೋಗುತ್ತೆ ಅಂತ ಮನಸ್ಸಿನಲ್ಲೇ ಕಳೆದು 55 ಅಂತ ಇಟ್ಟುಕೊಂಡಿದ್ದೆ. ಅಲ್ಲಿದ್ದ ಹುಡುಗ ಮೊದಲು ಖಾಲಿ ಕ್ರೇಟ್ ಇಟ್ಟು ಸೊನ್ನೆ ಮಾಡಿದ. ಆಮೇಲೆ ಬೀನ್ಸ್ ಸುರಿದ. ತೂಕದ ಅಂಕಿ ಕಾಣುವ ಮುಖ ಅವನ ಕಡೆಗಿರಲಿಲ್ಲ, ನಮ್ಮ ಕಡೆಗೆ ತಿರುಗಿತ್ತು. ಒಂದೊಂದು ಕ್ರೇಟಿಗೂ ಅಂಕಿ ಜೋರಾಗಿ ಓದಿದ. ಎಲ್ಲ ಸೇರಿ 61 ಕೆಜಿ 200 ಗ್ರಾಂ. ಚೀಟಿ ಹರಿದು ನನ್ನ ಕೈಗೇ ಕೊಟ್ಟ. ಈ ಮನೆಗೆ ಸೊಸೆಯಾಗಿ ಬಂದು ಹತ್ತೊಂಬತ್ತು ವರ್ಷ. ತರಕಾರಿ ಮಾರಿದ ತೂಕದ ಚೀಟಿ ನನ್ನ ಕೈಗೆ ಬಂದಿದ್ದು ಅವತ್ತೇ ಮೊದಲು.

ಈ ಅನುಭವ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ನಮ್ಮ ಕಡೆ ಈಗ ತಾಲ್ಲೂಕಿಗೆ ಒಂದೆರಡು ರೈತ ಉತ್ಪಾದಕರ ಕಂಪನಿಗಳಾಗಿವೆ, ಅಂದರೆ ರೈತರೇ ಷೇರು ಕಟ್ಟಿ ಮಾಡಿಕೊಂಡ ಕಂಪನಿಗಳು. ಸೇರೋದೋ ಬೇಡವೋ ಅಂತ ಕೇಳುವವರು ಜಾಸ್ತಿ, ಸೇರಿದವರು ಏನಾಯ್ತು ಅಂತ ಹೇಳೋದು ಕಡಿಮೆ. ನಮ್ಮ ಕಂಪನಿಯ ಹೆಸರು ಹಾಕುತ್ತಿಲ್ಲ. ಒಳ್ಳೇದರ ಜೊತೆ ತಪ್ಪುಗಳನ್ನೂ ಬರೆಯಬೇಕಲ್ಲ, ಅದಕ್ಕೆ. ನಿಮ್ಮ ಹತ್ತಿರ ಇರುವ ಕಂಪನಿಗೆ ಹೋದಾಗ ಏನು ನೋಡಬೇಕು ಅಂತ ಗೊತ್ತಾದರೆ ಸಾಕು.

ನಮ್ಮದು ನಾಗಮಂಗಲ ತಾಲ್ಲೂಕು. ಮಂಡ್ಯ ಜಿಲ್ಲೆ ಅಂದ ತಕ್ಷಣ ಹೊರಗಿನವರಿಗೆ ಕಬ್ಬು, ಭತ್ತ, ನಾಲೆ ನೆನಪಾಗುತ್ತೆ. ನಮ್ಮೂರಿಗೆ ನಾಲೆ ಬಂದಿಲ್ಲ. ಮೂರೂವರೆ ಎಕರೆಯಲ್ಲಿ ಎರಡೂವರೆ ಎಕರೆ ಮಳೆ ನಂಬಿದ ರಾಗಿ ಹೊಲ. ಉಳಿದ ಒಂದು ಎಕರೆಗೆ ಬೋರ್‌ವೆಲ್ ಇದೆ, ಒಂದೂವರೆ ಇಂಚು ನೀರು. ಅಲ್ಲಿ ಬೀನ್ಸ್, ಟೊಮೆಟೊ, ಬದನೆ. ದುಡಿಯುವವರು ನಾನು, ನಮ್ಮ ಯಜಮಾನ್ರು, ಅತ್ತೆ. ಕೂಲಿ ಆಳು ಬೇಕಾಗೋದು ನಾಟಿಗೆ, ಕೊಯ್ಲಿಗೆ ಮಾತ್ರ. ಮಗ ಪಿಯುಸಿ ಓದುತ್ತಿದ್ದಾನೆ. ಲೆಕ್ಕದ ಪುಸ್ತಕ ನನ್ನದು.

2023ರಲ್ಲಿ ಆದದ್ದು ಮರೆಯೋಕಾಗಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರವೇ ಘೋಷಿಸಿದ ವರ್ಷ ಅದು. ನಾಲೆ ಇರುವ ಕಡೆಯವರೇ ಕೆಆರ್‌ಎಸ್ ನೀರಿಗಾಗಿ ರಸ್ತೆಗೆ ಇಳಿದಿದ್ದರು, ಇನ್ನು ನಮ್ಮ ಪಾಡೇನು? ರಾಗಿ ಮೊಣಕಾಲುದ್ದಕ್ಕೇ ಒಣಗಿತು. ದನಕ್ಕೆ ಕೊಯ್ದು ಹಾಕಿದೆವು. ಅದೇ ವರ್ಷ ಜುಲೈನಲ್ಲಿ ಟೊಮೆಟೊ ಕೆಜಿಗೆ 100 ರೂಪಾಯಿ ದಾಟಿತ್ತು. ಅದನ್ನು ನೋಡಿ ನಾವೂ ಹಾಕಿದೆವು. ನಮ್ಮ ಹಣ್ಣು ಬರುವ ಹೊತ್ತಿಗೆ ಬೆಲೆ ನೆಲ ಕಚ್ಚಿತ್ತು. ಒಂದು ರಾತ್ರಿ ಎರಡು ಗಂಟೆಗೆ ಗಾಡಿ ತುಂಬಿಸಿಕೊಂಡು ದೊಡ್ಡ ಮಾರುಕಟ್ಟೆಗೆ ಹೋಗಿದ್ದ ಯಜಮಾನ್ರು, ಗಾಡಿ ಬಾಡಿಗೆ, ಹಮಾಲಿ, ಹತ್ತು ಪರ್ಸೆಂಟ್ ಕಮಿಷನ್ ಎಲ್ಲಾ ಹೋಗಿ 340 ರೂಪಾಯಿ ತಂದರು. ಕೈಯಲ್ಲೊಂದು ಬಿಳಿ ಚೀಟಿ. ಅದರಲ್ಲಿ ಮಂಡಿಯ ಹೆಸರಿಲ್ಲ, ಸಹಿ ಇಲ್ಲ, ಪೆನ್ಸಿಲ್‌ನಲ್ಲಿ ಬರೆದ ನಾಲ್ಕು ಅಂಕಿ. ಕಮಿಷನ್ ಕೊಳ್ಳುವವರಿಂದ ತಗೋಬೇಕು, ರೈತರಿಂದ ತಗೋಬಾರದು ಅಂತ ಕಾನೂನಿದೆ. ಇದು ನನಗೆ ಗೊತ್ತಾಗಿದ್ದು ಕಂಪನಿಗೆ ಸೇರಿದ ಮೇಲೆ. ಬಿಳಿ ಚೀಟಿ ಹಿಡಿದುಕೊಂಡು ಯಾರನ್ನ ಕೇಳೋದು, ಅಲ್ವಾ?

ಆ ವರ್ಷದ ಕೊನೆಯಲ್ಲಿ ಷೇರು ಕಟ್ಟಿದೆವು. ಸಾವಿರ ರೂಪಾಯಿ. ನನ್ನ ಹೆಸರಲ್ಲಿ ಕಟ್ಟೋಣ ಅಂದರೆ ಜಮೀನು ತೀರಿಹೋದ ಮಾವನ ಹೆಸರಿನಲ್ಲೇ ಇತ್ತು. ಅತ್ತೆಯ ಹೆಸರಲ್ಲಿ ತವರಿನವರು ಕೊಟ್ಟ ಇಪ್ಪತ್ತು ಗುಂಟೆ ಇದ್ದಿದ್ದರಿಂದ ಅವರೇ ಷೇರುದಾರರಾದರು. ಈ ಕಂಪನಿಗಳ ಕಾನೂನು 2002ರಲ್ಲಿ ಆಗಿದ್ದು. ಹತ್ತು ಜನ ರೈತರು ಸೇರಿದರೆ ಒಂದು ಕಂಪನಿ ಮಾಡಬಹುದು. ಎಷ್ಟೇ ಷೇರು ಇದ್ದರೂ ಒಬ್ಬರಿಗೆ ಒಂದೇ ವೋಟು. ನಮ್ಮದು 2020ರಲ್ಲಿ ಕೇಂದ್ರ ಸರ್ಕಾರ ತಂದ ಹತ್ತು ಸಾವಿರ ಕಂಪನಿಗಳ ಯೋಜನೆಯಲ್ಲಿ ಆದದ್ದು. ಅದರಲ್ಲಿ ನಮ್ಮಂಥ ಬಯಲು ಸೀಮೆಯಲ್ಲಿ ಕನಿಷ್ಠ 300 ಸದಸ್ಯರಿರಬೇಕು. ಕಚೇರಿ ಖರ್ಚಿಗೆ ಮೂರು ವರ್ಷದಲ್ಲಿ 18 ಲಕ್ಷದವರೆಗೆ ಸಹಾಯ ಬರುತ್ತೆ. ಈ ಮೂರು ವರ್ಷದ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಹೇಳುತ್ತೇನೆ.

ಬೆಲೆ ಜಾಸ್ತಿ ಸಿಗುತ್ತಾ ಅಂತ ಎಲ್ಲರೂ ಮೊದಲು ಕೇಳುತ್ತಾರೆ. ನನ್ನ ಪುಸ್ತಕದ ಪ್ರಕಾರ, ಬೆಲೆ ಚೆನ್ನಾಗಿರುವ ದಿನ ಮಾರುಕಟ್ಟೆಗಿಂತ ಒಂದೆರಡು ರೂಪಾಯಿ ಕಡಿಮೆಯೇ. ಬೆಲೆ ಬಿದ್ದ ದಿನ ಮೂರು ನಾಲ್ಕು ರೂಪಾಯಿ ಜಾಸ್ತಿ. ಆದರೆ ನಮಗೆ ನಿಜವಾಗಿ ಉಪಯೋಗವಾಗಿದ್ದು ಬೇರೆ. ಸಂಗ್ರಹ ಕೇಂದ್ರದ ಗೋಡೆ ಮೇಲೆ ಒಂದು ಕಪ್ಪು ಹಲಗೆ ಇದೆ. ಹಿಂದಿನ ದಿನ ಸಂಜೆ ಆರಕ್ಕೆ ಅದರ ಮೇಲೆ ನಾಳೆಯ ದರ, ನಾಳೆ ಎಷ್ಟು ಕೆಜಿ ಬೇಕು ಅಂತ ಬರೆಯುತ್ತಾರೆ. ಫೋಟೊ ಗುಂಪಿಗೆ ಬರುತ್ತೆ. ಕೀಳುವ ಮೊದಲೇ ಬೆಲೆ ಗೊತ್ತು. ಬೀನ್ಸ್ ಕಾಯೋದಿಲ್ಲ, ಬಲಿತು ನಾರಾಗುತ್ತೆ. ಆದರೆ ಟೊಮೆಟೊ ಬಣ್ಣ ತಿರುಗುವಾಗ ಎರಡು ದಿನ ಗಿಡದಲ್ಲೇ ಬಿಡಬಹುದು. ಆಳು ಕರೆಯೋದಾ ಬೇಡವಾ ಅಂತ ಸಂಜೆಯೇ ತೀರ್ಮಾನ ಮಾಡಬಹುದು. ಮೊದಲು ಕಿತ್ತು, ತುಂಬಿ, ರಾತ್ರಿಯೆಲ್ಲಾ ಎದ್ದು ಹೋಗಿ, ಹರಾಜು ಕೂಗಿದ ಮೇಲೆ ನಮ್ಮ ಹಣೆಬರಹ ಗೊತ್ತಾಗುತ್ತಿತ್ತು. ಈಗ ಬೆಳಿಗ್ಗೆ ಏಳಕ್ಕೆ ಯಜಮಾನ್ರು ಬೈಕಿನಲ್ಲೇ ಎರಡು ಸಲ ಓಡಾಡಿ ಹಾಕಿ ಬರುತ್ತಾರೆ. ಒಂಬತ್ತಕ್ಕೆ ಟಾಟಾ ಏಸ್ ಮೈಸೂರಿಗೆ ಹೊರಡುತ್ತೆ. ಅಲ್ಲಿ ಕೆಲವು ಅಂಗಡಿಗಳು, ಎರಡು ಹಾಸ್ಟೆಲ್, ಒಂದಷ್ಟು ಅಪಾರ್ಟ್‌ಮೆಂಟಿನವರು ಖಾಯಂ ತಗೋತಾರೆ. ರಾತ್ರಿ ನಿದ್ದೆಗೆ ಬೆಲೆ ಕಟ್ಟೋದು ಹೇಗೆ ಅಂತ ನನಗೆ ಗೊತ್ತಿಲ್ಲ. ನನ್ನ ಲೆಕ್ಕದಲ್ಲಿ ಅದೂ ಸೇರುತ್ತೆ.

ರಾಗಿ ಮಾತ್ರ ಕಂಪನಿಗೆ ಕೊಡುತ್ತಿಲ್ಲ. ಸರ್ಕಾರದ ಬೆಂಬಲ ಬೆಲೆ 2025-26ಕ್ಕೆ ಕ್ವಿಂಟಾಲಿಗೆ 4,886 ರೂಪಾಯಿ. ಅಷ್ಟು ಕೊಡೋಕೆ ಕಂಪನಿಯ ಕೈಲಿ ಆಗಲ್ಲ, ಅವರೇ ಹಾಗೆ ಹೇಳಿ ಖರೀದಿ ಕೇಂದ್ರಕ್ಕೆ ಕಳಿಸುತ್ತಾರೆ. ಆದರೆ ಅಲ್ಲಿ ಮಾರಬೇಕಾದರೆ ಫ್ರೂಟ್ಸ್ ಐಡಿ, ಅಂದರೆ ಸರ್ಕಾರದಲ್ಲಿ ರೈತರ ನೋಂದಣಿ ಸಂಖ್ಯೆ ಬೇಕು. ಅದಕ್ಕೆ ಪಹಣಿ ನಮ್ಮ ಹೆಸರಿನಲ್ಲಿರಬೇಕು. ಮಾವ ಹೋಗಿ ಆರು ವರ್ಷವಾದರೂ ಪೌತಿ ಖಾತೆ ಆಗಿರಲಿಲ್ಲ, ಅಂದರೆ ಜಮೀನು ವಾರಸುದಾರರ ಹೆಸರಿಗೆ ಬಂದಿರಲಿಲ್ಲ. ಬೆಂಬಲ ಬೆಲೆ, ಬೆಳೆ ವಿಮೆ, ಸಬ್ಸಿಡಿ, ಪರಿಹಾರ, ಎಲ್ಲಕ್ಕೂ ಅದೇ ಬಾಗಿಲು, ಅದೇ ಬೀಗ. ಕಂಪನಿಯಲ್ಲಿ ಲೆಕ್ಕ ಬರೆಯುವ ಹೆಣ್ಣುಮಗಳು ನಮ್ಮ ಅರ್ಜಿ ಬರೆದುಕೊಟ್ಟು, ವಂಶವೃಕ್ಷ ಮಾಡಿಸಿ, ಮೈದುನಂದಿರ ಸಹಿ ಹಾಕಿಸಿ, ಏಳು ತಿಂಗಳು ಬೆನ್ನು ಬಿದ್ದು ಮಾಡಿಸಿಕೊಟ್ಟಳು. ಇದು ಅವಳ ಕೆಲಸವಲ್ಲ. ಅವಳಿಗೆ ಇದಕ್ಕೆ ಸಂಬಳವೂ ಇಲ್ಲ. ನಮ್ಮೂರಲ್ಲಿ ಹನ್ನೊಂದು ಮನೆಯವರಿಗೆ ಹೀಗೆ ಮಾಡಿಸಿದ್ದಾಳೆ. ಕಂಪನಿಗೆ ನಾನು ಒಂದೇ ಅಂಕ ಕೊಡಬೇಕು ಅಂದರೆ ಈ ಹುಡುಗಿಗೆ ಕೊಡುತ್ತೇನೆ.

ಇನ್ನು ಮಳೆಯ ವಿಷಯ.

2024ರ ನವೆಂಬರ್ ಕೊನೆ. ರಾಗಿ ಕೊಯ್ದು ಹೊಲದಲ್ಲೇ ಅರಿ ಬಿಟ್ಟಿದ್ದೆವು. ಬಿಸಿಲು ಚೆನ್ನಾಗಿತ್ತು. ಇನ್ನೊಂದು ನಾಲ್ಕು ದಿನ ಒಣಗಲಿ, ಆಮೇಲೆ ಕಟ್ಟು ಕಟ್ಟಿ ಮೆದೆ ಹಾಕೋಣ ಅಂತ ಇತ್ತು. ಶುಕ್ರವಾರ ಸಂಜೆ ಫೋನಿಗೆ ಕಂಪನಿಯಿಂದ ಧ್ವನಿ ಸಂದೇಶ ಬಂತು. "ತಮಿಳುನಾಡು ಕಡೆ ಚಂಡಮಾರುತ ಐತೆ, ಭಾನುವಾರದಿಂದ ನಮ್ಮ ಕಡೆ ಮಳೆ, ಕೊಯ್ದ ರಾಗಿ ನಾಳೆಯೇ ಎತ್ತಿ, ಕೊಯ್ಯದಿದ್ದವರು ಕೊಯ್ಯಬೇಡಿ." ಅಷ್ಟೇ. ಪುಸ್ತಕದ ಮಾತಿಲ್ಲ. ಹವಾಮಾನ ಇಲಾಖೆಯ ಕೃಷಿ ಸಲಹೆ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ ಬರುತ್ತೆ. ಅದು ಎರಡು ಮೂರು ಪುಟ ಇರುತ್ತೆ, ನಮ್ಮಲ್ಲಿ ಯಾರೂ ಓದಲ್ಲ. ಕಂಪನಿಯವರು ಅದನ್ನು ಓದಿ ನಮಗೆ ಬೇಕಾದ ಎರಡು ಸಾಲು ಮಾತ್ರ ನಮ್ಮ ಮಾತಿನಲ್ಲೇ ಹೇಳುತ್ತಾರೆ.

ಶನಿವಾರ ಬೆಳಕು ಹರಿಯುವ ಮೊದಲೇ ಹೊಲಕ್ಕಿಳಿದೆವು. ಆಕಾಶದಲ್ಲಿ ಒಂದು ಮೋಡ ಇಲ್ಲ. ಪಕ್ಕದ ಹೊಲದವರು "ಏನಕ್ಕ, ಇಷ್ಟು ಅವಸರ" ಅಂದರು. ಅತ್ತೆ ಕೂಡ ಅನುಮಾನದಲ್ಲೇ ಕಟ್ಟು ಹೊರುತ್ತಿದ್ದರು. ಸಂಜೆ ಐದರ ಹೊತ್ತಿಗೆ ಮೆದೆ ಎದ್ದಿತ್ತು. ತೆನೆಯೆಲ್ಲಾ ಒಳಗೆ, ಬುಡ ಹೊರಗೆ. ಕಂಪನಿಯಿಂದ ಎರಡು ದೊಡ್ಡ ಟಾರ್ಪಾಲು ತಂದೆವು, ದಿನಕ್ಕೆ 50 ರೂಪಾಯಿ ಬಾಡಿಗೆ. ಹೊದಿಸಿ, ಹಗ್ಗ ಬಿಗಿದು, ನಾಲ್ಕು ಮೂಲೆಗೆ ಕಲ್ಲು ಹೇರಿದೆವು. ಭಾನುವಾರದಿಂದ ಫೆಂಗಲ್ ಚಂಡಮಾರುತದ ಮಳೆ ಹಿಡಿಯಿತು. ಮೂರು ದಿನ ಬಿಸಿಲು ಕಾಣಲಿಲ್ಲ. ಸಣ್ಣಗೆ, ಬಿಡದೆ, ಚಳಿ ಗಾಳಿ ಜೊತೆ ಸುರಿಯುವ ಮಳೆ. ಬುಧವಾರ ಟಾರ್ಪಾಲಿನ ಮೂಲೆ ಎತ್ತಿ ಅತ್ತೆ ಮೆದೆಯೊಳಗೆ ಮೊಳಕೈವರೆಗೆ ಕೈ ತೂರಿಸಿದರು. ಒಂದು ತೆನೆ ಎಳೆದು ಅಂಗೈಯಲ್ಲಿ ಉಜ್ಜಿ ಊದಿದರು. ಕಾಳು ಒಣಗೇ ಇತ್ತು. ಕೆಂಪಗೆ. ಏನೂ ಮಾತಾಡಲಿಲ್ಲ, ಆ ಕಾಳನ್ನ ಬಾಯಿಗೆ ಹಾಕಿಕೊಂಡರು.

ಪಕ್ಕದ ಹೊಲದ ರಾಗಿ ಅರಿಯಲ್ಲೇ ಮೊಳಕೆ ಒಡೆಯಿತು. ಹುಲ್ಲು ಕಪ್ಪಾಯ್ತು, ದನವೂ ಮೂಸಲಿಲ್ಲ. ಅವರೂ ನಮ್ಮ ಹಾಗೇ ದುಡಿದವರು. ಅವರ ಫೋನಿಗೆ ಆ ಎರಡು ಸಾಲು ಬಂದಿರಲಿಲ್ಲ, ಅಷ್ಟೇ ವ್ಯತ್ಯಾಸ. ಆಮೇಲಿನ ಸಭೆಯಲ್ಲಿ ನಾನು ಎದ್ದು ನಿಂತು ಕೇಳಿದ್ದು ಇದನ್ನೇ. ಮಳೆ ಸುದ್ದಿ ಸದಸ್ಯರಿಗೆ ಮಾತ್ರ ಯಾಕೆ? ಊರ ದೇವಸ್ಥಾನದ ಮೈಕಿನಲ್ಲಿ ಹೇಳಿ. ಈಗ ಹೇಳುತ್ತಿದ್ದಾರೆ.

ಮಳೆ ಎಷ್ಟಾಯ್ತು ಅಂತ ತಿಳಿಯೋಕೂ ದಾರಿ ಇದೆ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕಗಳಿವೆ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರದ್ದು. ಅವರದೇ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿದರೆ ಮಳೆ ವಿವರ ಹೇಳುತ್ತಾರೆ. ಸದಸ್ಯರಾಗಬೇಕಿಲ್ಲ. ಇದನ್ನು ಕಂಪನಿಯವರೇ ಹೇಳಿಕೊಟ್ಟರು.

ಬೀಜದ ವಿಷಯದಲ್ಲೂ ಅವರಿಂದ ಒಳ್ಳೆಯದಾಗಿದೆ. ನಾವು ಯಾವಾಗ ಮಳೆ ಬಂದರೂ ಒಂದೇ ರಾಗಿ ಬಿತ್ತುತ್ತಿದ್ದೆವು. ಕಂಪನಿಯ ಅಂಗಡಿಯ ಗೋಡೆ ಮೇಲೆ ಈಗ ದೊಡ್ಡದಾಗಿ ಬರೆದಿದ್ದಾರೆ. ಜೂನ್‌ನಲ್ಲೇ ಹದ ಸಿಕ್ಕರೆ ಎಂಆರ್-6, ಜುಲೈ ಆದರೆ ಜಿಪಿಯು-28 ಇಲ್ಲವೇ ಎಂಎಲ್-365, ಆಗಸ್ಟ್‌ಗೆ ಹೋದರೆ ಬೇಗ ಬರುವ ಜಿಪಿಯು-48. ಮಳೆ ತಡವಾದಷ್ಟೂ ಕಡಿಮೆ ದಿನದ ತಳಿ. ಒಂದು ಸಲ ಬಸ್ ಮಾಡಿ ಮಂಡ್ಯದ ವಿ.ಸಿ. ಫಾರಂ ಅನ್ನೋ ಕೃಷಿ ಸಂಶೋಧನಾ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದರು. ಅತ್ತೆ ಅಲ್ಲಿ "ನಮ್ಮ ಕಾಲದ ಇಂಡಾಫ್ ರಾಗಿ ಎಲ್ಲೋಯ್ತು" ಅಂತ ಕೇಳಿದರು. ಇಂಡಾಫ್ ಅಂದರೆ ಇಂಡಿಯಾ ಮತ್ತು ಆಫ್ರಿಕಾ ರಾಗಿ ಸೇರಿಸಿ ಮಾಡಿದ ತಳಿ, ರಾಗಿ ಲಕ್ಷ್ಮಣಯ್ಯನವರು ಮಾಡಿದ್ದು ಅಂತ ಅಲ್ಲಿ ಗೊತ್ತಾಯ್ತು. ಮೂವತ್ತು ವರ್ಷ ಆ ಹೆಸರಿನ ರಾಗಿ ಬಿತ್ತಿದ ಅತ್ತೆಗೆ ಅದರ ಅರ್ಥ ಅವತ್ತು ತಿಳಿದು ಎಷ್ಟು ಖುಷಿಯಾಯ್ತು ಅಂದರೆ, ಬಸ್ಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದರು.

ಅಕ್ಕಡಿ ಸಾಲನ್ನು ಮತ್ತೆ ಶುರು ಮಾಡಿಸಿದ್ದು ಕಂಪನಿ. ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ. ಅಲ್ಲಲ್ಲಿ ತೊಗರಿ, ಹುಚ್ಚೆಳ್ಳು, ಬದುವಿನ ಮೇಲೆ ಹರಳು. ಇದೇನು ಹೊಸದಲ್ಲ. ನಮ್ಮ ಮಾವನವರು ಹೀಗೇ ಬಿತ್ತುತ್ತಿದ್ದರು. ಟ್ರ್ಯಾಕ್ಟರ್ ಬಂದ ಮೇಲೆ ನಾವೇ ಬಿಟ್ಟಿದ್ದು. "ಮಳೆ ನಂಬ್ಕಂಡು ಒಂದೇ ಬೆಳೆ ಹಾಕ್ಬಾರ್ದು ಕಣವ್ವ, ಒಂದು ಕೈ ಕೊಟ್ರೆ ಇನ್ನೊಂದು ಹಿಡ್ಕತದೆ" ಅಂತ ಅತ್ತೆ ಎಷ್ಟು ಸಲ ಹೇಳಿದ್ದರೋ. ರಾಗಿ ಬೇರು ಮೇಲ್ಮಣ್ಣಿನಲ್ಲೇ ಹರಡುತ್ತೆ, ತೊಗರಿ ಬೇರು ಆಳಕ್ಕೆ ಇಳಿಯುತ್ತೆ. ರಾಗಿ ಕೊಯ್ದ ಮೇಲೆ ಅವರೆ ಇಬ್ಬನಿ ಕುಡಿದೇ ಹಬ್ಬುತ್ತೆ. ಕಳೆದ ಮುಂಗಾರಿನಲ್ಲಿ ತೆನೆ ಕಟ್ಟುವ ಹೊತ್ತಿಗೆ ನಮ್ಮ ಹೊಲದಲ್ಲಿ ಇಪ್ಪತ್ತು ದಿನ ಹನಿ ಬೀಳಲಿಲ್ಲ. ರಾಗಿ ಎಕರೆಗೆ ಆರು ಕ್ವಿಂಟಾಲಿಗೆ ಇಳಿಯಿತು. ಆದರೆ ಅವರೆ ಕೈ ಬಿಡಲಿಲ್ಲ. ಡಿಸೆಂಬರ್, ಜನವರಿಯಲ್ಲಿ ಸೊಗಡು ಅವರೆಕಾಯಿ ಮೈಸೂರಿಗೆ ಹೋದಷ್ಟೂ ಸಾಲದು. ಆ ಒಂದೊಂದು ಸಾಲಿನಿಂದ 14,600 ರೂಪಾಯಿ ಬಂತು. ಮಗನ ಕಾಲೇಜು ಫೀಸು ಅದರಲ್ಲೇ ಕಟ್ಟಿದೆವು.

ಒಂದು ಎಚ್ಚರಿಕೆ. ಅಕ್ಕಡಿ ಬಿತ್ತಿದವರು ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಮಿಶ್ರ ಬೆಳೆ ಅಂತಲೇ ಸರಿಯಾಗಿ ಹಾಕಿಸಿ. ವಿಮೆ ಕಟ್ಟುವಾಗ ಬರೆಸಿದ ಬೆಳೆ ಒಂದು, ಸಮೀಕ್ಷೆಯಲ್ಲಿರುವ ಬೆಳೆ ಇನ್ನೊಂದು ಆದರೆ ಪರಿಹಾರ ತಿರಸ್ಕಾರ ಆಗುತ್ತೆ. ಮುಂಗಾರು ರಾಗಿಗೆ ಫಸಲ್ ಬಿಮಾದಲ್ಲಿ ರೈತರು ಕಟ್ಟಬೇಕಾದದ್ದು ವಿಮಾ ಮೊತ್ತದ ಎರಡು ಪರ್ಸೆಂಟ್ ಮಾತ್ರ. ಅಷ್ಟು ಕಟ್ಟಿಯೂ ಒಂದು ತಪ್ಪು ಅಕ್ಷರಕ್ಕೆ ಕಳೆದುಕೊಂಡವರನ್ನು ನೋಡಿದ್ದೇನೆ.

ಈಗ ತಪ್ಪುಗಳು. ದುಡ್ಡು ಮೂರು ದಿನಕ್ಕೆ ಖಾತೆಗೆ ಬರುತ್ತೆ ಅಂತ ಹೇಳುತ್ತಾರೆ. ಸಾಮಾನ್ಯವಾಗಿ ಬರುತ್ತೆ. ಒಂದು ಸಲ ಮಾತ್ರ ಹತ್ತೊಂಬತ್ತು ದಿನ ಆಯ್ತು. ಮೈಸೂರಿನ ಒಬ್ಬ ಖರೀದಿದಾರರು ಕೊಟ್ಟಿರಲಿಲ್ಲವಂತೆ. ಅದು ಕಂಪನಿಯ ಕಷ್ಟ, ಒಪ್ಪುತ್ತೇನೆ. ಆದರೆ ಮೊದಲ ವಾರವೇ ಹೇಳಬಹುದಿತ್ತು. ನಾವು ಸಂಘದ ಕಂತು ಕಟ್ಟೋಕೆ ಓಲೆ ಅಡ ಇಟ್ಟೆವು. ಮಂಡಿಯವರು ತೂಕದಲ್ಲಿ ಮೋಸ ಮಾಡಿದರೂ ಕಷ್ಟ ಅಂದರೆ ರಾತ್ರಿಯಲ್ಲೂ ಕೈಗೆ ದುಡ್ಡು ಕೊಡುತ್ತಾರೆ. ಕೈಸಾಲ ಕೊಡುವ ಮಂಡಿಯನ್ನು ಬಿಟ್ಟು ಕಂಪನಿಗೆ ಬರೋದು ಬಡವರಿಗೆ ಸುಲಭವಲ್ಲ. ಇದಕ್ಕೆ ಕಂಪನಿಯ ಹತ್ತಿರ ಇನ್ನೂ ಉತ್ತರ ಇಲ್ಲ.

ಇನ್ನೊಂದು, ಒಡೆದ ಹಣ್ಣು. ಒಂದು ಅಕ್ಟೋಬರ್‌ನಲ್ಲಿ ಮೂರು ದಿನದ ಮಳೆಗೆ ಟೊಮೆಟೊ ಬಿರಿದಿತ್ತು. ಹನ್ನೊಂದು ಕ್ರೇಟ್‌ನಲ್ಲಿ ನಾಲ್ಕು ವಾಪಸ್ ಕೊಟ್ಟರು. ಮಂಡಿಯಲ್ಲಾದರೆ ಅರ್ಧ ರೇಟಿಗಾದರೂ ಹೋಗುತ್ತಿತ್ತು. ಇಲ್ಲಿ ಎರಡನೇ ದರ್ಜೆಗೆ ಗಿರಾಕಿಯೇ ಇಲ್ಲ. ಮಳೆ ಹೀಗೇ ಹೊತ್ತಲ್ಲದ ಹೊತ್ತಿಗೆ ಬರುತ್ತಿದ್ದರೆ ಬಿರಿದ ಹಣ್ಣು ಇನ್ನೂ ಜಾಸ್ತಿ ಆಗುತ್ತೆ ತಾನೆ? ಮೈಸೂರಿನಲ್ಲೇ ಸಿಎಫ್‌ಟಿಆರ್‌ಐ ಅನ್ನೋ ಆಹಾರ ಸಂಶೋಧನಾ ಸಂಸ್ಥೆ ಇದೆ, 1950ರಿಂದ ಆಹಾರ ಕೆಡದ ಹಾಗೆ ಇಡುವ ಕೆಲಸವನ್ನೇ ಮಾಡಿಕೊಂಡು ಬಂದಿದೆ. ಒಣಗಿಸೋದೋ, ಗೊಜ್ಜು ಮಾಡೋದೋ, ಅಲ್ಲಿ ಹೋಗಿ ಕೇಳಿ ಅಂತ ಎರಡು ಸಭೆಯಲ್ಲಿ ಹೇಳಿದ್ದೇನೆ. ಬರೆದುಕೊಂಡಿದ್ದಾರೆ. ಇನ್ನೂ ಹೋಗಿಲ್ಲ.

ಮೂರು ವರ್ಷದ ಮಾತು ಹೇಳಿದ್ದೆನಲ್ಲ. ನಮ್ಮ ಕಂಪನಿಗೆ ಸರ್ಕಾರದ ಸಹಾಯ ಈ ವರ್ಷ ಮುಗಿಯುತ್ತೆ. ಆಮೇಲೆ ಮ್ಯಾನೇಜರ್ ಸಂಬಳ, ಲೆಕ್ಕದ ಹುಡುಗಿಯ ಸಂಬಳ, ಗಾಡಿ ಡೀಸೆಲ್ ಎಲ್ಲಾ ನಾವು ತರುವ ತರಕಾರಿಯಿಂದಲೇ ಹುಟ್ಟಬೇಕು. ಮಾರುಕಟ್ಟೆಯಲ್ಲಿ ಎರಡು ರೂಪಾಯಿ ಏರಿದ ದಿನ ಅರ್ಧ ಜನ ಅಲ್ಲಿಗೆ ಹೋಗುತ್ತಾರೆ, ಬಿದ್ದ ದಿನ ಎಲ್ಲರೂ ಇಲ್ಲಿಗೆ ಬರುತ್ತಾರೆ. ಹೀಗಾದರೆ ಮೈಸೂರಿನ ಗಿರಾಕಿಗೆ ಹೇಳಿದಷ್ಟು ಮಾಲು ಕಳಿಸೋದು ಹೇಗೆ? ನಾವೂ ಒಂದು ಸಲ ಹಾಗೆ ಮಾಡಿದ್ದೇವೆ. ಅವತ್ತು ಗಾಡಿ ಅರ್ಧ ಖಾಲಿ ಹೋಯಿತು ಅಂತ ಆಮೇಲೆ ಗೊತ್ತಾಗಿ ಮನಸ್ಸಿಗೆ ತುಂಬಾ ಬೇಜಾರಾಯ್ತು. ಈಗ ದಿನಕ್ಕೆ 30 ಕೆಜಿ ಬೀನ್ಸ್ ಏನೇ ಆದರೂ ಕಂಪನಿಗೇ ಅಂತ ಮನೆಯಲ್ಲಿ ಮಾತಾಗಿದೆ.

ಸೇರುವ ಮೊದಲು ನಿಮ್ಮ ಕಂಪನಿಗೆ ಒಂದು ಬೆಳಿಗ್ಗೆ ಸುಮ್ನೆ ಹೋಗಿ ನಿಂತುಕೊಳ್ಳಿ. ತೂಕದ ಮುಖ ಯಾರ ಕಡೆಗಿದೆ ನೋಡಿ. ನಾಳೆಯ ದರ ಇವತ್ತೇ ಬರೆಯುತ್ತಾರಾ ಕೇಳಿ. ವರ್ಷದ ಸಭೆಯ ಲೆಕ್ಕ ತೋರಿಸಿ ಅನ್ನಿ. ಹೆಂಗಸರು ಮಾತಾಡಿದರೆ ಬರೆದುಕೊಳ್ಳುತ್ತಾರಾ ಅಂತಲೂ ನೋಡಿ. ಐದಕ್ಕೆ ನಾನು ನಮ್ಮ ಕಂಪನಿಗೆ ನಾಲ್ಕು ಕೊಡುತ್ತೇನೆ. ಒಂದು ಕಳೆದದ್ದು ಆ ಹತ್ತೊಂಬತ್ತು ದಿನಕ್ಕೆ.

ಮೊನ್ನೆ ಅತ್ತೆ ಅವರೆ ಬೀಜ ಆರಿಸಿ, ಬೂದಿ ಬೆರೆಸಿ ಮಡಕೆಗೆ ತುಂಬಿದರು. ಐದು ಸೇರು ಇದೆ. ಎರಡು ನಮ್ಮ ಹೊಲಕ್ಕೆ, ಎರಡು ಕಂಪನಿಯ ಬೀಜದ ಡಬ್ಬಿಗೆ. ಉಳಿದ ಒಂದು ಸೇರು ಪಕ್ಕದ ಹೊಲದವರಿಗೆ. ಅವರು ಹೋದ ತಿಂಗಳು ಷೇರು ಕಟ್ಟಿದ್ದಾರೆ.